ಹದಿಮೂರು ಪುಟದ ಹಿಸ್ಸೆ

ಸೂಪರ್‌ಮ್ಯಾನ್ ಕಾಮಿಕ್ಸ್ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಇರುವೆ ಸಾಲಿನಂತೆ ಅಚ್ಚಾಗಿರುವ ಎರಡು ವಾಕ್ಯಗಳನ್ನು. ಚಿತ್ರ ಆಮೇಲೆ. ಚಾಳೀಸು ಬಂದ ಮೇಲೆ ಈ ಚಟಕ್ಕೆ ಭೂತಗನ್ನಡಿಯೂ ಬೇಕಾಗಿದೆ. ಸೂಪರ್‌ಮ್ಯಾನ್‌ನ ಸೃಷ್ಟಿಕರ್ತರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎನ್ನುತ್ತದೆ ಮೊದಲ ವಾಕ್ಯ. ಜೆರ್ರಿ ಸೀಗಲ್ ಕುಟುಂಬದವರೊಂದಿಗಿನ ವಿಶೇಷ ಏರ್ಪಾಟಿನ ಮೇರೆಗೆ ಎನ್ನುತ್ತದೆ ಎರಡನೆಯದು. ಹೋದ ಭಾನುವಾರ ಮನೆಗೆ ಬಂದಿದ್ದ ಅಣ್ಣನ ಮಗ ನನ್ನ ಭುಜದ ಮೇಲಿಂದ ಬಗ್ಗಿ ಓದಿ, ‘ಮಾಡಿದವರು ಇಬ್ಬರು, ಏರ್ಪಾಟು ಒಬ್ಬರ ಮನೆಯವರ ಜೊತೆ ಮಾತ್ರ, ಅದ್ಯಾಕೆ?’ ಅಂದ. ಒಳ್ಳೆ ಪ್ರಶ್ನೆ. ಉತ್ತರ ಮುಗಿಯುವಷ್ಟರಲ್ಲಿ ಎರಡು ಲೋಟ ಕಾಫಿ ಖಾಲಿಯಾಗಿತ್ತು, ಅವನ ಬಸ್ಸೂ ತಪ್ಪಿತ್ತು. ಅವನಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ, ಸ್ವಲ್ಪ ಸಾವಧಾನವಾಗಿ.

ಒಂದು ಚೆಕ್ಕಿನಿಂದ ಶುರು ಮಾಡೋಣ. ತಾರೀಖು 1938ರ ಮಾರ್ಚ್ 1, ಮೊತ್ತ 412 ಡಾಲರ್. ಕೊಟ್ಟದ್ದು ಡಿಟೆಕ್ಟಿವ್ ಕಾಮಿಕ್ಸ್ ಕಂಪನಿ, ಸಹಿ ಜ್ಯಾಕ್ ಲೀಬೊವಿಟ್ಜ್ ಅವರದು. ಪಡೆದವರು ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಇಬ್ಬರು ಹುಡುಗರು, ಒಬ್ಬ ಬರೆಯುವವನು, ಇನ್ನೊಬ್ಬ ಬಿಡಿಸುವವನು. ಅಷ್ಟೂ ದುಡ್ಡು ಸೂಪರ್‌ಮ್ಯಾನ್‌ಗಾಗಿ ಬಂದದ್ದಲ್ಲ, ಹೆಚ್ಚಿನ ಪಾಲು ಬೇರೆ ಕೆಲಸಗಳ ಬಾಕಿ. ಸೂಪರ್‌ಮ್ಯಾನ್ ಲೆಕ್ಕಕ್ಕೆ ಹಾಕಿದ್ದು 130 ಡಾಲರ್: ಪುಟಕ್ಕೆ ಹತ್ತರಂತೆ ಹದಿಮೂರು ಪುಟ. ಚೆಕ್ಕಿನಲ್ಲಿ ಹುಡುಗರ ಹೆಸರಿನ ಸ್ಪೆಲ್ಲಿಂಗೂ ತಪ್ಪಾಗಿತ್ತು. ಹಾಗಾಗಿ ಹಿಂಬದಿಯಲ್ಲಿ ಇಬ್ಬರೂ ಎರಡೆರಡು ಸಲ ಸಹಿ ಹಾಕಬೇಕಾಯಿತು, ತಪ್ಪು ಹೆಸರಲ್ಲಿ ಒಮ್ಮೆ, ಸರಿ ಹೆಸರಲ್ಲಿ ಒಮ್ಮೆ. 2012ರಲ್ಲಿ ಈ ಚೆಕ್ಕು ಹರಾಜಿಗೆ ಬಂದಾಗ 1,60,000 ಡಾಲರಿಗೆ ಹೋಯಿತು. ಆ ಹದಿಮೂರು ಪುಟಗಳಿದ್ದ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಬೆಲೆ ಆಗ ಹತ್ತು ಸೆಂಟು. 2024ರ ಹರಾಜಿನಲ್ಲಿ ಅದರ ಒಂದು ಪ್ರತಿಗೆ 60 ಲಕ್ಷ ಡಾಲರ್ ಬಂತು, ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 50 ಕೋಟಿ.

ಚೆಕ್ಕಿನ ಜೊತೆ ಒಂದು ಪುಟ್ಟ ಕರಾರುಪತ್ರಕ್ಕೂ ಸಹಿಯಾಗಿತ್ತು. ಪಾತ್ರ, ಕಥೆ, ಹೆಸರು ಎಲ್ಲವೂ ಇನ್ನು ಮುಂದೆ ಕಂಪನಿಗೆ ಸೇರಿದ್ದು, ಅದೂ ಶಾಶ್ವತವಾಗಿ ಎಂದು. ನಮ್ಮ ಶಾಸನಗಳ ಭಾಷೆಯಲ್ಲಿ ಆಚಂದ್ರಾರ್ಕ. ನಮ್ಮ ರಿಜಿಸ್ಟ್ರಾರ್ ಕಚೇರಿಯ ಭಾಷೆಯಲ್ಲಿ ಶುದ್ಧ ಕ್ರಯ. ಬರೆದುಕೊಟ್ಟಾಗ ಇಬ್ಬರ ವಯಸ್ಸೂ ಇಪ್ಪತ್ತಮೂರು.

ಮುಂದಿನ ನಲವತ್ತು ವರ್ಷಗಳನ್ನು ಬೇಗ ದಾಟಿಬಿಡುತ್ತೇನೆ, ಅದು ಎಲ್ಲ ಕಡೆ ಬರೆದಿರುವ ಕಥೆ. 1947ರಲ್ಲಿ ಕೋರ್ಟಿಗೆ ಹೋದರು, ಮರುವರ್ಷ ಸುಮಾರು 94,000 ಡಾಲರಿಗೆ ರಾಜಿಯಾದರು, ಕೆಲಸವೂ ಹೋಯಿತು, ಕಾಮಿಕ್ಸ್ ಮೇಲಿದ್ದ ಹೆಸರೂ ಹೋಯಿತು. ಎರಡನೇ ದಾವೆಯಲ್ಲಿ 1974ರಲ್ಲಿ ಸೋತರು. ಮರುವರ್ಷ ಸೂಪರ್‌ಮ್ಯಾನ್ ಸಿನಿಮಾಕ್ಕೆ ಸಿದ್ಧತೆ ನಡೆದಿದ್ದಾಗ ಸೀಗಲ್ ಕ್ಯಾಲಿಫೋರ್ನಿಯಾದಲ್ಲಿ ಟೈಪಿಸ್ಟ್ ಗುಮಾಸ್ತ. ಶುಸ್ಟರ್‌ಗೆ ಕಣ್ಣು ಬಹುಪಾಲು ಹೋಗಿತ್ತು. ಆ ಸಿನಿಮಾ ಮುಗ್ಗರಿಸಲಿ ಎಂದು ಶಾಪ ಹಾಕಿ ಸೀಗಲ್ ಪತ್ರಿಕೆಗಳಿಗೆ ಉದ್ದನೆಯ ಹೇಳಿಕೆ ಕಳಿಸಿದರು. ನೀಲ್ ಆಡಮ್ಸ್, ಜೆರ್ರಿ ರಾಬಿನ್‌ಸನ್ ಎಂಬ ಚಿತ್ರಕಾರರು ಬೆನ್ನಿಗೆ ನಿಂತು ಗದ್ದಲ ಎಬ್ಬಿಸಿದ ಮೇಲೆ ಅಷ್ಟರಲ್ಲಿ ಡಿಟೆಕ್ಟಿವ್ ಕಾಮಿಕ್ಸ್‌ನ ಒಡೆಯನಾಗಿದ್ದ ವಾರ್ನರ್ ಕಂಪನಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಪಿಂಚಣಿ ಕೊಟ್ಟಿತು. ‘ಸೃಷ್ಟಿಕರ್ತರು’ ಎಂಬ ಸಾಲೂ ಆಗ ಮರಳಿ ಬಂತು. ಇದನ್ನೆಲ್ಲ ಓದಿ ಕಣ್ಣೊರೆಸಿಕೊಳ್ಳುವುದು ಸುಲಭ. ನನಗೆ ಕುತೂಹಲ ಇರುವುದು ಅದರ ನಂತರ ನಡೆದದ್ದರಲ್ಲಿ, ಕಾನೂನಿನಲ್ಲಿ ತೆರೆದ ಒಂದು ವಿಚಿತ್ರ ಕಿಟಕಿಯಲ್ಲಿ.

1976ರಲ್ಲಿ ಅಮೆರಿಕದ ಸಂಸತ್ತು ಕಾಪಿರೈಟ್ ಕಾಯ್ದೆಯನ್ನು ಹೊಸದಾಗಿ ಬರೆಯಿತು, ಹಳೆಯ ಕೃತಿಗಳ ಹಕ್ಕಿನ ಅವಧಿಯನ್ನು 56 ವರ್ಷದಿಂದ 75ಕ್ಕೆ ಏರಿಸಿತು. ಈ ಹತ್ತೊಂಬತ್ತು ವರ್ಷದ ಬೋನಸ್ ಯಾರಿಗೆ ಸೇರಬೇಕು? ಪ್ರಕಾಶಕ ಕೊಂಡದ್ದು 56 ವರ್ಷದ ಮಾಲನ್ನು. ಮಿಕ್ಕದ್ದು ಅವನಿಗೆ ಪುಕ್ಕಟೆ ಯಾಕೆ? ಹೀಗೆ ಯೋಚಿಸಿ ಒಂದು ಕಲಮು ಸೇರಿಸಿದರು. ಸೃಷ್ಟಿಸಿದವನು, ಅವನಿಲ್ಲದಿದ್ದರೆ ಹೆಂಡತಿ ಮಕ್ಕಳು ಮೊಮ್ಮಕ್ಕಳು, ನೋಟಿಸು ಕೊಟ್ಟು ಹಕ್ಕನ್ನು ವಾಪಸು ಪಡೆಯಬಹುದು. ಇದಕ್ಕೆ ವಿರುದ್ಧವಾಗಿ ಮುಂಚೆ ಏನೇ ಬರೆದುಕೊಟ್ಟಿದ್ದರೂ ಅದು ನಡೆಯುವುದಿಲ್ಲ. ಆಚಂದ್ರಾರ್ಕ ಎಂದು ಬರೆದುಕೊಟ್ಟಿದ್ದರೂ ಅಷ್ಟೇ. ಶುದ್ಧ ಕ್ರಯವನ್ನು ಸರ್ಕಾರವೇ ನಿಂತು ಭೋಗ್ಯ ಮಾಡಿಕೊಟ್ಟ ಹಾಗೆ.

ಹೆಚ್ಚು ಕಡಿಮೆ ಅದೇ ಕಾಲಕ್ಕೆ ನಮ್ಮಲ್ಲಿ ದೇವರಾಜ ಅರಸು ‘ಉಳುವವನೇ ಹೊಲದೊಡೆಯ’ ಎನ್ನುತ್ತಿದ್ದರು. ಎರಡಕ್ಕೂ ಸಂಬಂಧ ಇಲ್ಲ, ಆದರೆ ನಮ್ಮ ಊರುಗಳಲ್ಲಿ ಫಾರಂ ನಂಬರ್ 7 ಎಂದರೆ ಇವತ್ತಿಗೂ ಹಿರಿಯರು ಕಿವಿ ನಿಮಿರಿಸುತ್ತಾರೆ. ತಲೆಮಾರುಗಟ್ಟಲೆ ಗೇಣಿಗೆ ಉತ್ತವರಿಗೂ ವಾಯಿದೆಯೊಳಗೆ ಆ ಕಾಗದ ಕೊಡದಿದ್ದರೆ ಭೂಮಿ ಇಲ್ಲ. ಕಾಮಿಕ್ಸ್ ವಾರಸುದಾರರ ಪಾಡೂ ಅದೇ. ಕಾನೂನು ಹಕ್ಕು ಕೊಟ್ಟಿದೆ, ಜೊತೆಗೆ ಕ್ಯಾಲೆಂಡರನ್ನೂ ಕೊಟ್ಟಿದೆ. 56 ವರ್ಷ ತುಂಬಿದ ದಿನದಿಂದ ಐದು ವರ್ಷ ಮಾತ್ರ ಕಿಟಕಿ ತೆರೆದಿರುತ್ತದೆ. ಹಕ್ಕು ಮರಳುವ ದಿನಕ್ಕಿಂತ ಕನಿಷ್ಠ ಎರಡು ವರ್ಷ, ಹೆಚ್ಚೆಂದರೆ ಹತ್ತು ವರ್ಷ ಮೊದಲೇ ನೋಟಿಸು ಹೋಗಿರಬೇಕು.

ಸೀಗಲ್ 1996ರ ಜನವರಿಯಲ್ಲಿ ತೀರಿಕೊಂಡರು. ಹೆಂಡತಿ ಜೋಆನ್, ಮಗಳು ಲಾರಾ ಮರುವರ್ಷ ಏಪ್ರಿಲ್‌ನಲ್ಲಿ ನೋಟಿಸು ಕೊಟ್ಟರು. ಹುಡುಗಿಯಾಗಿದ್ದಾಗ ಶುಸ್ಟರ್ ಎದುರು ಮಾಡೆಲ್ ಆಗಿ ಕೂತು ಕಥಾನಾಯಕಿ ಲೋಯಿಸ್ ಲೇನ್‌ಗೆ ರೂಪ ಕೊಟ್ಟವರು ಇದೇ ಜೋಆನ್! ನೋಟಿಸಿನಂತೆ ಹಕ್ಕು ಮರಳುವ ದಿನ 1999ರ ಏಪ್ರಿಲ್ 16. ‘ಆಕ್ಷನ್ ಕಾಮಿಕ್ಸ್’ ಅಂಗಡಿಗೆ ಬಂದದ್ದು 1938ರ ಏಪ್ರಿಲ್ 18ಕ್ಕೆ. ಲೆಕ್ಕ ಹಾಕಿ ನೋಡಿ: ಐದು ವರ್ಷದ ಕಿಟಕಿ ಮುಚ್ಚಲು ಎರಡೇ ದಿನ ಬಾಕಿ ಇತ್ತು. ಆದರೂ ಒಂದು ಚೂರು ಜಾರಿತು. ಸಂಚಿಕೆ ಬರುವುದಕ್ಕೆ ಕೆಲ ದಿನ ಮುಂಚೆ ಕಂಪನಿ ತನ್ನ ಬೇರೆ ಪುಸ್ತಕಗಳಲ್ಲಿ ಜಾಹೀರಾತು ಹಾಕಿತ್ತು. ಕಾರನ್ನು ತಲೆಯ ಮೇಲೆತ್ತಿ ಹಿಡಿದ ಆ ಪ್ರಸಿದ್ಧ ಮುಖಪುಟದ ಕಪ್ಪುಬಿಳುಪು ಚಿತ್ರ ಅದರಲ್ಲಿತ್ತು. ನೋಟಿಸಿನ ಲೆಕ್ಕಕ್ಕೆ ಆ ಜಾಹೀರಾತು ಸಿಕ್ಕಲಿಲ್ಲ. ನೋಟಿಸು ಕೆಲವೇ ದಿನ ಮುಂಚೆ ಹೊರಟಿದ್ದರೆ ಅದೂ ಒಳಗೇ ಬರುತ್ತಿತ್ತು.

2008ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಬಳಿಯ ಫೆಡರಲ್ ಕೋರ್ಟಿನ ನ್ಯಾಯಾಧೀಶ ಸ್ಟೀಫನ್ ಲಾರ್ಸನ್ ಕೊಟ್ಟ ತೀರ್ಪು ನನ್ನ ಪ್ರಕಾರ ಕಾಮಿಕ್ಸ್ ಪ್ರಿಯರು ಓದಲೇಬೇಕಾದ ಸಾಹಿತ್ಯ. ಸೀಗಲ್ ಕುಟುಂಬಕ್ಕೆ ಆ ಹದಿಮೂರು ಪುಟದ ಹಕ್ಕಿನಲ್ಲಿ ಅರ್ಧ ಪಾಲು ಮರಳಿದೆ, ಅದೂ ಅಮೆರಿಕದ ಮಟ್ಟಿಗೆ ಎಂದು ತೀರ್ಪು. ಹಾಗಾದರೆ ಆ ಹದಿಮೂರು ಪುಟದಲ್ಲಿ ಏನಿದೆ?

ನನ್ನ ಹತ್ತಿರ ಇರುವುದು ಮರುಮುದ್ರಣ, 50 ಕೋಟಿಯದಲ್ಲ. ಮೊದಲ ಪುಟದಲ್ಲಿ ಒಂದು ಗ್ರಹ ನಾಶವಾಗುತ್ತದೆ, ಅದಕ್ಕೆ ಹೆಸರಿಲ್ಲ. ಮಗು ಭೂಮಿಗೆ ಬಂದು ಅನಾಥಾಲಯ ಸೇರುತ್ತದೆ. ದೊಡ್ಡವನಾದ ಮೇಲೆ ಮೈಲಿಯ ಎಂಟನೇ ಒಂದು ಭಾಗದಷ್ಟು ಜಿಗಿಯುತ್ತಾನೆ, ಇಪ್ಪತ್ತು ಅಂತಸ್ತಿನ ಕಟ್ಟಡ ನೆಗೆಯುತ್ತಾನೆ, ರೈಲಿಗಿಂತ ಜೋರಾಗಿ ಓಡುತ್ತಾನೆ. ಇದು ಹೇಗೆ ಸಾಧ್ಯ ಎಂದು ಇರುವೆ, ಮಿಡತೆಗಳ ಉದಾಹರಣೆ ಕೊಟ್ಟು ಪುಟದ ಕೊನೆಯಲ್ಲೇ ವಿವರಣೆ ಬೇರೆ. ಆದರೆ ಹಾರುವುದಿಲ್ಲ. ಕಣ್ಣಿಂದ ಬೆಂಕಿ ಇಲ್ಲ, ಗೋಡೆಯಾಚೆ ನೋಡುವ ದೃಷ್ಟಿ ಇಲ್ಲ. ಲೋಯಿಸ್ ಇದ್ದಾಳೆ, ಕನ್ನಡಕದ ಕ್ಲಾರ್ಕ್ ಕೆಂಟ್ ಇದ್ದಾನೆ, ನೀಲಿ ಬಟ್ಟೆ ಕೆಂಪು ಮೇಲುವಸ್ತ್ರ ಇದೆ. ಖಳನಾಯಕ ಲೆಕ್ಸ್ ಲೂಥರ್ ಇಲ್ಲ, ಡೈಲಿ ಪ್ಲಾನೆಟ್ ಪತ್ರಿಕೆ ಇಲ್ಲ. ಕ್ರಿಪ್ಟೊನೈಟ್ ಕಲ್ಲು ಹುಟ್ಟಿದ್ದು ಎಷ್ಟೋ ವರ್ಷದ ಮೇಲೆ, ರೇಡಿಯೊ ನಾಟಕದಲ್ಲಿ.

ಆಮೇಲಿನದೆಲ್ಲ ಕಂಪನಿಗಾಗಿ ಮಾಡಿದ ಕೆಲಸ, ಅದು ಕಂಪನಿಯದೇ. ಅಂದರೆ ಅವಿಭಕ್ತ ಕುಟುಂಬದ ಹಿಸ್ಸೆಯ ಹಾಗೆ ಸೂಪರ್‌ಮ್ಯಾನನ್ನು ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ವಿಂಗಡಿಸಲು ಕೂತರು. 2009ರ ಇನ್ನೊಂದು ಆದೇಶದಲ್ಲಿ ಪತ್ರಿಕೆಗಳಿಗೆ ಬರೆದ ಮೊದಲ ಎರಡು ವಾರದ ಸ್ಟ್ರಿಪ್ ಕೂಡ ಕುಟುಂಬದ ಕಡೆ ಬಂತು. ಹೆತ್ತ ಅಪ್ಪ ಅಮ್ಮ, ಕ್ರಿಪ್ಟಾನ್ ಗ್ರಹ ಎಲ್ಲ ಅದರಲ್ಲಿದ್ದವು. ಹೀಗಾಗಿ ಕ್ರಿಪ್ಟಾನ್ ಇವರಿಗೆ, ಕ್ರಿಪ್ಟೊನೈಟ್ ಅವರಿಗೆ. ಜಿಗಿತ ಇವರದು, ಹಾರಾಟ ಅವರದು. ಮಧ್ಯೆ ಗೋಡೆ ಹಾಕಿ, ಬಾವಿ ಒಬ್ಬರಿಗೆ ಹಗ್ಗ ಒಬ್ಬರಿಗೆ ಬಂದ ಮನೆಯನ್ನು ನೀವೂ ನೋಡಿರುತ್ತೀರಿ.

ಆ ಹದಿಮೂರು ಪುಟಗಳಾದರೂ ಕುಟುಂಬಕ್ಕೆ ಯಾಕೆ ಸಿಕ್ಕವು? ಅವು ಯಾರಿಗೂ ಬೇಡವಾಗಿದ್ದವು, ಅದಕ್ಕೆ. ಹೈಸ್ಕೂಲು ಬಿಡುವ ಹೊತ್ತಿಗೆ ಹುಟ್ಟಿದ ಸೂಪರ್‌ಮ್ಯಾನನ್ನು ಹುಡುಗರು ವರ್ಷಾನುಗಟ್ಟಲೆ ಪತ್ರಿಕಾ ಸಿಂಡಿಕೇಟುಗಳ ಬಾಗಿಲಿಗೆ ಹೊತ್ತು ಅಲೆದಿದ್ದರು. ಎಲ್ಲರೂ ವಾಪಸು ಕಳಿಸಿದರು. ಕೊನೆಗೆ 1938ರಲ್ಲಿ ಹೊಸ ಪುಸ್ತಕ ತುಂಬಿಸಲು ಸಾಮಗ್ರಿ ಬೇಕು ಎಂದಾಗ, ಪತ್ರಿಕೆಗೆಂದು ಬರೆದಿಟ್ಟಿದ್ದ ಸ್ಟ್ರಿಪ್‌ಗಳನ್ನು ಕತ್ತರಿಸಿ, ಪುಟದ ಅಳತೆಗೆ ಅಂಟಿಸಿ ಕೊಟ್ಟರು. ಕಂಪನಿ ಹೇಳಿ ಮಾಡಿಸಿದ್ದಲ್ಲ, ಕಂಪನಿಯ ದುಡ್ಡಲ್ಲಿ ಮಾಡಿದ್ದಲ್ಲ. ಮಾರಾಟಕ್ಕೆ ಮೊದಲೇ ಅದು ಅವರದಾಗಿತ್ತು. ಮಾರಿದ್ದನ್ನು ಮಾತ್ರ ವಾಪಸು ಕೇಳಬಹುದು. ಮೊದಲಿಂದಲೂ ಇನ್ನೊಬ್ಬರದಾಗಿದ್ದನ್ನು ಹೇಗೆ ಕೇಳುತ್ತೀರಿ? ಅಷ್ಟು ವರ್ಷ ತಿರಸ್ಕಾರದ ಕಾಗದ ಬರದೆ, ಯಾರಾದರೂ ಸಂಪಾದಕ ಮೊದಲ ದಿನವೇ ‘ಇಂಥದ್ದೊಂದು ಮಾಡಿಕೊಡ್ರಪ್ಪ’ ಅಂದಿದ್ದರೆ ವಿಧವೆಗೂ ಮಗಳಿಗೂ ಒಂದು ಪುಟವೂ ಇರುತ್ತಿರಲಿಲ್ಲ.

ಹಾಗೆಯೇ ಆದದ್ದು ಜ್ಯಾಕ್ ಕರ್ಬಿಯ ಮಕ್ಕಳಿಗೆ. ಕರ್ಬಿ ಎಂದರೆ ನನಗೆ ಪಕ್ಷಪಾತ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿ ಓದಿ ಬೆಳೆದವನು ನಾನು, ಚಿತ್ರ ಬಿಡಿಸುವವನಿಗೂ ಒಂದು ಹೆಸರಿರುತ್ತದೆ ಎಂದು ತಿಳಿದದ್ದೇ ತಡವಾಗಿ. ಅದನ್ನು ತಿಳಿಸಿದವನು ಕರ್ಬಿ. ಅವನ ಮುಷ್ಟಿ ಪುಟದಿಂದ ಹೊರಗೆ ಬರುತ್ತದೆ, ಅವನ ಯಂತ್ರಗಳಿಗೆ ತೂಕ ಇರುತ್ತದೆ, ಅವನ ಆಕಾಶದಲ್ಲಿ ಕಪ್ಪು ಚುಕ್ಕಿಗಳು ಕುದಿಯುತ್ತವೆ. ಫೆಂಟಾಸ್ಟಿಕ್ ಫೋರ್, ಹಲ್ಕ್, ಥಾರ್, ಎಕ್ಸ್-ಮೆನ್, ಅವೆಂಜರ್ಸ್ ಎಲ್ಲ 1961ರಿಂದ 63ರ ನಡುವೆ ಆ ಕೈಯಿಂದ ಬಂದವು. ಲಾಂಗ್ ಐಲ್ಯಾಂಡ್‌ನ ಮನೆಯ ನೆಲಮಾಳಿಗೆಯಲ್ಲಿ ಕೂತು ಬಿಡಿಸುತ್ತಿದ್ದ. ಆ ಕೋಣೆಗೆ ಮನೆಯವರಿಟ್ಟ ಹೆಸರು ಡಂಜನ್, ಅಂದರೆ ಕತ್ತಲ ಸೆರೆ. ಕಾಗದ ಅವನದು, ಪೆನ್ಸಿಲ್ ಅವನದು. ಸಂಬಳ ಇಲ್ಲ, ವಿಮೆ ಇಲ್ಲ, ಒಪ್ಪಿಗೆಯಾದ ಪುಟಕ್ಕೆ ದುಡ್ಡು, ಒಪ್ಪದ ಪುಟಕ್ಕೆ ಸೊನ್ನೆ.

2009ರ ಆಗಸ್ಟ್ ಕೊನೆಗೆ ಡಿಸ್ನಿ ಕಂಪನಿ ಈ ಪಾತ್ರಗಳ ಪ್ರಕಾಶಕ ಮಾರ್ವೆಲ್ ಅನ್ನು 400 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ಸೆಪ್ಟೆಂಬರ್‌ನಲ್ಲಿ ಕರ್ಬಿಯ ನಾಲ್ಕು ಮಕ್ಕಳು 45 ನೋಟಿಸು ಕೊಟ್ಟರು, 262 ಕೃತಿಗಳ ಮೇಲೆ. ವಕೀಲ ಮಾರ್ಕ್ ಟೊಬೆರಾಫ್, ಸೀಗಲ್ ಮನೆಯವರ ಪರ ನಿಂತಿದ್ದವನೇ. ಕೋರ್ಟು ಕೇಳಿದ್ದು ಎರಡು ಪ್ರಶ್ನೆ: ಕೆಲಸ ಯಾರ ಸೂಚನೆಯ ಮೇರೆಗೆ ನಡೆಯಿತು, ಯಾರ ಖರ್ಚಿನಲ್ಲಿ ನಡೆಯಿತು. ಎರಡಕ್ಕೂ ಉತ್ತರ ಮಾರ್ವೆಲ್ ಎಂದಾದರೆ ಅದು ಕೂಲಿ ಕೆಲಸ, ಅಲ್ಲಿನ ಭಾಷೆಯಲ್ಲಿ ವರ್ಕ್ ಫಾರ್ ಹೈರ್. ಕಾನೂನಿನ ಕಣ್ಣಿಗೆ ಆಗ ‘ಕರ್ತೃ’ ಕಂಪನಿಯೇ, ಪೆನ್ಸಿಲ್ ಹಿಡಿದವನಲ್ಲ. ಕರ್ಬಿ ತೀರಿಹೋಗಿ ಹದಿನೈದು ವರ್ಷ ದಾಟಿತ್ತು, ಸಾಕ್ಷಿ ಹೇಳಲು ಉಳಿದವರಲ್ಲಿ ಮುಖ್ಯರು ಮಾರ್ವೆಲ್‌ನ ಆಗಿನ ಸಂಪಾದಕ, ಕಥೆಗಾರ ಸ್ಟ್ಯಾನ್ ಲೀ. ಐಡಿಯಾ ನನ್ನದು, ಕೆಲಸ ಹಂಚುತ್ತಿದ್ದವನೂ ನಾನೇ ಎಂದರು. ಮಾರ್ಕ್ ಇವಾನಿಯರ್, ಜಾನ್ ಮಾರೊ ಕರ್ಬಿಯ ಬದುಕನ್ನೇ ಅಧ್ಯಯನ ಮಾಡಿದವರು, ಅವರ ಸಾಕ್ಷ್ಯವನ್ನು ಕೋರ್ಟು ಬದಿಗಿಟ್ಟಿತು. 2011ರಲ್ಲಿ ಸೋಲು, 2013ರ ಮೇಲ್ಮನವಿಯಲ್ಲೂ ಸೋಲು.

ಇಲ್ಲಿ ನನಗೆ ಹತ್ತದ ಒಂದು ಮಾತಿದೆ. ಆ ಕಾಲದಲ್ಲಿ ಮಾರ್ವೆಲ್ ಕೊಡುತ್ತಿದ್ದ ಚೆಕ್ಕಿನ ಹಿಂಬದಿಯಲ್ಲಿ ಒಂದು ಮುದ್ರೆ ಇರುತ್ತಿತ್ತು. ಇದನ್ನು ನಗದು ಮಾಡಿಕೊಳ್ಳುವವನು ತನ್ನ ಹಕ್ಕನ್ನೆಲ್ಲ ಕಂಪನಿಗೆ ವರ್ಗಾಯಿಸುತ್ತಾನೆ ಎಂದು. ಮೊದಲಿಂದಲೂ ಹಕ್ಕು ನಿಮ್ಮದೇ ಆಗಿದ್ದರೆ ವರ್ಗಾವಣೆ ಏಕೆ ಬರೆಸಿಕೊಂಡಿರಿ ಎಂದು ಟೊಬೆರಾಫ್ ಕೇಳಿದ. ನಾನು ನ್ಯಾಯಾಧೀಶನಾಗಿದ್ದರೆ ಅಲ್ಲೇ ಪೆನ್ನು ಕೆಳಗಿಡುತ್ತಿದ್ದೆ. ಇನ್ನು ಖರ್ಚಿನ ಪ್ರಶ್ನೆ: ಮೆಚ್ಚದ ಪುಟಕ್ಕೆ ದುಡ್ಡೇ ಇಲ್ಲವೆಂದ ಮೇಲೆ ನಷ್ಟದ ಬಾಬತ್ತು ಯಾರ ಮೇಲಿತ್ತು? ಹೊಟ್ಟೆಗಿಲ್ಲದ ಇಬ್ಬರು ಹುಡುಗರು ಯಾರೂ ಕೇಳದೆ ಬಿಡಿಸಿದ್ದಕ್ಕೆ ಹಕ್ಕಿದೆ. ಇಡೀ ಉದ್ಯಮ ಬಾಗಿಲಿಗೆ ಬಂದು ಇನ್ನಷ್ಟು ಕೊಡು ಎಂದು ಕೇಳುತ್ತಿದ್ದ ಕುಶಲಿಗೆ ಇಲ್ಲ. ಅವನು ಎಷ್ಟು ಬೇಕಾದವನಾಗಿದ್ದನೋ ಅಷ್ಟೂ ಅವನ ಮಕ್ಕಳಿಗೆ ಮುಳುವಾಯಿತು.

ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಹಾಲಿವುಡ್‌ನ ನಟರ, ಬರಹಗಾರರ, ನಿರ್ದೇಶಕರ ಸಂಘಗಳು ಕುಟುಂಬದ ಬೆನ್ನಿಗೆ ಬಂದವು. ಅರ್ಜಿಯನ್ನು ಎತ್ತಿಕೊಳ್ಳಬೇಕೋ ಬೇಡವೋ ಎಂದು ನ್ಯಾಯಮೂರ್ತಿಗಳು ಕೂರುವುದಕ್ಕೆ ಮೂರು ದಿನ ಇದ್ದಾಗ, 2014ರ ಸೆಪ್ಟೆಂಬರ್ 26ಕ್ಕೆ, ರಾಜಿ. ಮೊತ್ತ ಎಷ್ಟೆಂದು ಹೊರಗೆ ಬರಲಿಲ್ಲ. ಆದರೆ ಆಮೇಲಿನ ಮಾರ್ವೆಲ್ ಪುಸ್ತಕಗಳಲ್ಲಿ ಲೀ ಪಕ್ಕ ಕರ್ಬಿಯ ಹೆಸರೂ ಬರತೊಡಗಿತು. ನನ್ನ ಭೂತಗನ್ನಡಿಗೆ ಇನ್ನೊಂದು ಸಾಲು ಸಿಕ್ಕಿತು. ಸ್ಪೈಡರ್‌ಮ್ಯಾನ್, ಡಾಕ್ಟರ್ ಸ್ಟ್ರೇಂಜ್‌ಗಳ ಮೇಲೆ ಅವುಗಳ ಚಿತ್ರಕಾರ ಸ್ಟೀವ್ ಡಿಟ್ಕೊನ ತಮ್ಮ 2021ರಲ್ಲಿ ಕೊಟ್ಟ ನೋಟಿಸೂ ಅದೇ ದಾರಿ ಹಿಡಿದು 2023ರ ಕೊನೆಗೆ ರಾಜಿಯಲ್ಲಿ ಮುಗಿಯಿತು.

ಸೀಗಲ್ ಮನೆಯವರ ಗೆಲುವಾದರೂ ನಿಂತಿತೇ? ನಿಲ್ಲಲಿಲ್ಲ. 2001ರ ಅಕ್ಟೋಬರ್‌ನಲ್ಲಿ, ಟೊಬೆರಾಫ್ ಬರುವುದಕ್ಕೂ ಮುಂಚೆ, ಅವರ ಆಗಿನ ವಕೀಲರು ವಾರ್ನರ್‌ಗೆ ಒಂದು ಕಾಗದ ಬರೆದಿದ್ದರು: ನೀವು ಹೇಳಿದ ಷರತ್ತುಗಳಿಗೆ ನಮ್ಮವರು ಒಪ್ಪಿದ್ದಾರೆ ಎಂದು. ಆಮೇಲೆ ಕಂಪನಿಯಿಂದ ಉದ್ದನೆಯ ಕರಡು ಬಂತು, ಅದನ್ನು ಓದಿ ಜೋಆನ್ ಕೆಂಡವಾದರು, ಸಹಿ ಹಾಕಲಿಲ್ಲ, ಕೋರ್ಟಿಗೆ ಹೋದರು. 2013ರ ಜನವರಿಯಲ್ಲಿ ಮೇಲ್ಮನವಿ ಕೋರ್ಟು ಹೇಳಿತು, ಸಹಿ ಬೇಕಿಲ್ಲ, ಆ ಕಾಗದವೇ ಒಪ್ಪಂದ. ನಿಶ್ಚಿತಾರ್ಥವನ್ನೇ ಮದುವೆ ಎಂದ ಹಾಗಾಯಿತು. ಜೋಆನ್ ಆಗ ಬದುಕಿರಲಿಲ್ಲ, 2011ರಲ್ಲೇ ಹೋಗಿದ್ದರು. ಆ ಸಣ್ಣಕ್ಷರದ ‘ವಿಶೇಷ ಏರ್ಪಾಟು’ ಎಂಬ ಎರಡು ಪದಗಳ ಹಿಂದೆ ಇಷ್ಟೆಲ್ಲ ಇದೆ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಶುಸ್ಟರ್ 1992ರಲ್ಲಿ ಸತ್ತಾಗ ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ, ಸಾಲ ಇತ್ತು. ಆಗಿನ ಕಾಯ್ದೆಯಂತೆ ತಂಗಿಗೂ ಅವಳ ಮಗನಿಗೂ ನೋಟಿಸು ಕೊಡುವ ಹಕ್ಕೇ ಇಲ್ಲ. ತಂಗಿ ಜೀನ್ ಕಂಪನಿಗೆ ಬರೆದರು. ಕಂಪನಿ ಸಾಲ ತೀರಿಸಿ ವರ್ಷಕ್ಕೆ 25,000 ಡಾಲರ್ ಕೊಡಲು ಒಪ್ಪಿತು, ಬದಲಿಗೆ ಇನ್ನೇನೂ ಕೇಳುವುದಿಲ್ಲ ಎಂಬ ಕರಾರಿಗೆ ಸಹಿ. ಆ ಹೊತ್ತಿಗೆ ಯಾರೇ ಆದರೂ ಸಹಿ ಹಾಕುತ್ತಿದ್ದರು. 1998ರಲ್ಲಿ ಕಾಯ್ದೆ ಮತ್ತೆ ತಿದ್ದುಪಡಿಯಾಗಿ ಮಕ್ಕಳಿಲ್ಲದವರ ಆಸ್ತಿ ನಿರ್ವಾಹಕರಿಗೂ ಬಾಗಿಲು ತೆರೆಯಿತು. 2003ರಲ್ಲಿ ಸೋದರಳಿಯ ನೋಟಿಸು ಕೊಟ್ಟ. ಕೋರ್ಟು 1992ರ ಕಾಗದ ತೆಗೆದು ತೋರಿಸಿತು: ಹಳೆಯ ಕರಾರು ಆಗಲೇ ರದ್ದಾಗಿ ಹೊಸದು ಬಂದಿದೆ, ಈ ಕಲಮು 1978ಕ್ಕೆ ಮುಂಚಿನ ಕರಾರುಗಳಿಗೆ ಮಾತ್ರ. ಅಷ್ಟಕ್ಕೇ ಬಾಗಿಲು ಮುಚ್ಚಿತು.

ಪೂರ್ತಿ ಮುಚ್ಚಿಲ್ಲ ಎನ್ನುವವರೂ ಇದ್ದಾರೆ. 1911ರ ಬ್ರಿಟಿಷ್ ಕಾಯ್ದೆಯಲ್ಲಿ ಒಂದು ಮಾತಿತ್ತು: ಬರೆದವನು ಸತ್ತು 25 ವರ್ಷವಾದ ಮೇಲೆ ಹಕ್ಕು ತಾನಾಗಿ ವಾರಸುದಾರರಿಗೆ ಮರಳುತ್ತದೆ, ನೋಟಿಸೂ ಬೇಡ. ದಕ್ಷಿಣ ಆಫ್ರಿಕಾದ ಸಾಲೊಮನ್ ಲಿಂಡಾ ಹತ್ತು ಶಿಲ್ಲಿಂಗಿಗೆ ಮಾರಿದ ಹಾಡು ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಆಗಿ ಡಿಸ್ನಿ ಸಿನಿಮಾ ಸೇರಿತ್ತಲ್ಲ, ಅವನ ಹೆಣ್ಣುಮಕ್ಕಳು 2006ರಲ್ಲಿ ರಾಜಿ ಗಿಟ್ಟಿಸಿದ್ದು ಇದೇ ಮಾತಿನ ಬಲದಿಂದ. ಬ್ರಿಟಿಷ್ ಇಂಡಿಯಾದ 1914ರ ಕಾಯ್ದೆಯೂ ಅದನ್ನೇ ಅನುಬಂಧವಾಗಿ ಹೊತ್ತುಕೊಂಡಿತ್ತು. ಅಂದರೆ ಆಗಿನ ಧಾರವಾಡ, ಮಂಗಳೂರುಗಳ ಲೇಖಕರಿಗೂ ಅದು ಅನ್ವಯ. 1957ರ ನಮ್ಮ ಕಾಯ್ದೆ ಅದನ್ನು ಕೈಬಿಟ್ಟಿತು. ಬದಲಿಗೆ ಸಣ್ಣದೊಂದು ರಕ್ಷಣೆ ಈಗ ನಮ್ಮಲ್ಲಿದೆ: ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಐದೇ ವರ್ಷ ಎಂದು ಲೆಕ್ಕ. ಪುಸ್ತಕ, ಚಿತ್ರ ಮಾಡುವ ಗೆಳೆಯರು ತಮ್ಮ ಹಳೆಯ ಕರಾರುಗಳನ್ನು ಟ್ರಂಕಿನಿಂದ ತೆಗೆದು ಒಮ್ಮೆ ನೋಡಿಕೊಳ್ಳಿ.

ಆ ಬ್ರಿಟಿಷ್ ಮಾತನ್ನೇ ಹಿಡಿದು ಶುಸ್ಟರ್ ಕಡೆಯವರು 2025ರ ಜನವರಿ ಕೊನೆಗೆ, ಹೊಸ ಸೂಪರ್‌ಮ್ಯಾನ್ ಸಿನಿಮಾ ಬರುವ ಮುಂಚೆ, ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ನಮ್ಮ ಪಾಲು 2017ರಿಂದಲೇ ಮರಳತೊಡಗಿದೆ ಎಂದು. ವಿದೇಶಿ ಕಾನೂನಿನ ವ್ಯಾಜ್ಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಫೆಡರಲ್ ಕೋರ್ಟು ಏಪ್ರಿಲ್‌ನಲ್ಲಿ ಅದನ್ನು ವಜಾ ಮಾಡಿತು. ಜುಲೈನಲ್ಲಿ ಸಿನಿಮಾ ಬಂತು.

ಅಣ್ಣನ ಮಗ ಕೊನೆಗೆ ಕೇಳಿದ್ದು, ಇದೆಲ್ಲ ಎಲ್ಲಿಯವರೆಗೆ ಎಂದು. ಅದಕ್ಕೆ ತಾರೀಖು ಇದೆ. 2034ರ ಜನವರಿ 1ಕ್ಕೆ ಅಮೆರಿಕದಲ್ಲಿ ಆ ಹದಿಮೂರು ಪುಟದ ಅವಧಿ (1998ರ ತಿದ್ದುಪಡಿಯಲ್ಲಿ 75 ಹೋಗಿ 95 ವರ್ಷವಾದದ್ದು) ಮುಗಿದು ಅವು ಸಾರ್ವಜನಿಕ ಸ್ವತ್ತಾಗುತ್ತವೆ. ಟ್ರೇಡ್‌ಮಾರ್ಕಿನ ತಂಟೆ ಬೇರೆ, ಅದಕ್ಕೆ ಮುಪ್ಪಿಲ್ಲ. ಅದನ್ನು ತಪ್ಪಿಸಿಕೊಂಡರೆ ಯಾರ ಏರ್ಪಾಟೂ ಇಲ್ಲದೆ ಅಲ್ಲಿ ಯಾರು ಬೇಕಾದರೂ ಸೂಪರ್‌ಮ್ಯಾನ್ ಬಿಡಿಸಬಹುದು. ಚಿತ್ರ ಚೆನ್ನಾಗಿ ಬಿಡಿಸುವ ಹುಡುಗ, ಕಣ್ಣು ಅರಳಿತು. ‘ಆದರೆ ಹಾರಿಸಬೇಡ’ ಅಂದೆ, ‘ಮೈಲಿಯ ಎಂಟನೇ ಒಂದು ಭಾಗ ಜಿಗಿಸು, ಸದ್ಯಕ್ಕೆ ಅಷ್ಟೇ.’